ಹೇಳದೆ ಹೋದವರ ಹಾಜರಿ

ಸೋಮವಾರ ಬೆಳಿಗ್ಗೆ ಹೆಂಡತಿ ಚಹಾದ ಲೋಟವನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಅರ್ಧ ಚಹಾ ತಟ್ಟೆಗೆ ಬಿತ್ತು. ಶುಕ್ರವಾರ ಸಂಜೆಯಿಂದ ಆ ಮನೆಯಲ್ಲಿ ಮಾತಾಡುತ್ತಿದ್ದದ್ದು ಪಾತ್ರೆಗಳು ಮಾತ್ರ. ಬಾಗಿಲು ಧಡ್ ಎಂದರೆ ಏಳಿ ಎಂದರ್ಥ, ಸೌಟು ಠಣ್ ಎಂದರೆ ಊಟಕ್ಕೆ ಬನ್ನಿ ಎಂದರ್ಥ. ಅವನಿಗೂ ಒಳಗೊಳಗೇ ಅದು ಹಿತವಾಗಿತ್ತು. ನ್ಯಾಯವಂತನಾದವನು ಮನೆಯಲ್ಲಿ ಇಷ್ಟಾದರೂ ಅನುಭವಿಸಬೇಕಾಗುತ್ತದೆ ಎಂದುಕೊಂಡು ತಟ್ಟೆಯ ಚಹಾವನ್ನು ಸೊರ್ರೆಂದು ಹೀರಿದ.

"ಇವತ್ತು ಮಧ್ಯಾಹ್ನ ಸಭೆ ಇದೆ," ಎಂದ, ಗೋಡೆಗೆ ಹೇಳಿದ ಹಾಗೆ.

ಹೆಂಡತಿ ಗೋಡೆಯ ಪರವಾಗಿ ಉತ್ತರ ಕೊಟ್ಟಳು. "ಗೊತ್ತು. ನನ್ನ ತಂಗಿ ಕೆಲಸ ಹೋಗೋ ಸಭೆ. ತೆಗೆಸ್ತಾ ಇರೋದು ಬೇರೆ ಯಾರೂ ಅಲ್ಲ, ಸ್ವಂತ ಭಾವ."

"ಸರ್ವರ್‌ಗೆ ಭಾವ, ನಾದಿನಿ ಅಂತೆಲ್ಲ ಗೊತ್ತಾಗಲ್ಲ ಕಣೇ. ಕಂಡದ್ದು ಹೇಳತ್ತೆ, ಅಷ್ಟೆ."

"ನಿಮಗೂ ಗೊತ್ತಾಗಲ್ಲ. ನೀವೂ ಒಂದು ಸರ್ವರ್ರೇ." ಅಡುಗೆಮನೆಗೆ ಹೋಗುತ್ತ ಅವಳು ಸೇರಿಸಿದಳು. "ಅದಕ್ಕಾದರೂ ಫ್ಯಾನ್ ಹಾಕಿದ್ದಾರೆ, ತಣ್ಣಗಿರಲಿ ಅಂತ."

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟ. ಹೋಗಿಬರುತ್ತೇನೆ ಎಂದು ಹೇಳಿ ಹೋಗುವ ಅಭ್ಯಾಸ ಅವನಿಗೆ ಯಾವತ್ತೂ ಇರಲಿಲ್ಲ. ಫೋನಿನಲ್ಲೂ ಅಷ್ಟೆ. ತನ್ನ ಮಾತು ಮುಗಿದರೆ ಫೋನು ಮುಗಿಯಿತು. ಆ ಕಡೆಯವರು ಇನ್ನೂ "ಅದಲ್ಲ, ನಾನು ಹೇಳೋದು" ಎನ್ನುತ್ತಿರುವಾಗಲೇ ಇವನ ಕಡೆ ಲೈನು ಸತ್ತಿರುತ್ತಿತ್ತು. ಅದನ್ನವನು ಸಮಯದ ಉಳಿತಾಯ ಎಂದು ಕರೆಯುತ್ತಿದ್ದ.

ಅವನು ನಗರದ ನೀರು ಸರಬರಾಜು ಕಚೇರಿಯಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವವನು. ಹಳ್ಳಿ ಶಾಲೆಯಲ್ಲಿ ಕಲಿತು, ವೈರು ಎಳೆಯುವ ಕೆಲಸಕ್ಕೆ ಸೇರಿ, ಬೈಸಿಕೊಂಡು ಬೈಸಿಕೊಂಡೇ ಕಂಪ್ಯೂಟರು ಕಲಿತವನು. ಆದ್ದರಿಂದ ಇನ್ನೊಬ್ಬರಿಗೆ ಏನಾದರೂ ಕಲಿಸಬೇಕಾದಾಗಲೂ ಬೈದೇ ಕಲಿಸುತ್ತಿದ್ದ. ಕಚೇರಿಯಲ್ಲಿ ಬೆನ್ನ ಹಿಂದೆ ಅವನನ್ನು 'ಗುಡುಗು' ಎನ್ನುತ್ತಿದ್ದರು. ಅದು ಅವನಿಗೆ ಗೊತ್ತಿತ್ತು; ಮರ್ಯಾದೆ ಕೊಟ್ಟು ಇಟ್ಟ ಹೆಸರು ಎಂದೇ ಬಹಳ ವರ್ಷ ತಿಳಿದುಕೊಂಡಿದ್ದ.

ಊರಿನ ಸುತ್ತ ಇರುವ ಒಂದೊಂದು ಪಂಪ್‌ಹೌಸಿನಲ್ಲೂ ಯೂನಿಕ್ಸ್ ಎಂಬ ವ್ಯವಸ್ಥೆಯ ವಂಶಕ್ಕೆ ಸೇರಿದ ಒಂದೊಂದು ಸರ್ವರ್. ಯಾವ ಬೀದಿಯ ವಾಲ್ವು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬ ವೇಳಾಪಟ್ಟಿ ಅದರ ಹೊಟ್ಟೆಯಲ್ಲಿರುತ್ತದೆ. ಕಚೇರಿಯಲ್ಲಿ ಕೂತವರು ತಮ್ಮ ಹೆಸರು, ಪಾಸ್‌ವರ್ಡ್ ಕೊಟ್ಟು ನೆಟ್‌ವರ್ಕ್ ಮೂಲಕ ಅದರೊಳಗೆ ಲಾಗಿನ್ ಆಗುತ್ತಾರೆ, ವೇಳಾಪಟ್ಟಿ ತಿದ್ದುತ್ತಾರೆ, ಹೊರಗೆ ಬರುತ್ತಾರೆ. ಯಾರು ಒಳಗಿದ್ದಾರೆ ಎಂದು ಸರ್ವರನ್ನು ಕೇಳಲು 'ಹೂ', ಅಂದರೆ ಇಂಗ್ಲಿಷಿನಲ್ಲಿ 'ಯಾರು', ಎಂಬ ಆಜ್ಞೆಯಿದೆ. ಒಂದೊಂದು ಪಂಪ್‌ಹೌಸಿಗೂ ಲಾಗಿನ್ ಆಗಿ ಇದನ್ನೇ ಕೇಳುವುದು ಬೇಸರವಾಗಿ, ಅವನೇ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದ. ಎಲ್ಲ ಸರ್ವರ್‌ಗಳನ್ನೂ ಒಂದೇ ಏಟಿಗೆ ಕೇಳಿ, ಒಳಗಿರುವವರ ಹೆಸರನ್ನೆಲ್ಲ ಸಾಲಾಗಿ ತೋರಿಸುವ ಆ ಪ್ರೋಗ್ರಾಮಿಗೆ 'ಹಾಜರಿ' ಎಂದು ಹೆಸರಿಟ್ಟಿದ್ದ.

ಹಾಜರಿಯ ಮೇಲೆ ಅವನಿಗೆ ಮಗನ ಮೇಲಿನಷ್ಟು ಮಮತೆ. ಮಗನಿಗಿಂತ ಹೆಚ್ಚು ಮಾತು ಕೇಳುತ್ತದೆ ಎಂಬುದು ಅದರ ಹೆಚ್ಚುಗಾರಿಕೆ. 'ಹೂ' ಆಜ್ಞೆ ಪ್ರತಿ ಹೆಸರಿನ ಜೊತೆ ದಿನಾಂಕ, ವೇಳೆ, ಯಾವ ಮೇಜಿನಿಂದ ಬಂದರು ಎಂದೆಲ್ಲ ಉದ್ದಕ್ಕೆ ಹೇಳುತ್ತಿತ್ತು. ಪರದೆಯ ಮೇಲೆ ಅದು ಗಲೀಜಾಗಿ ಕಾಣುತ್ತದೆಂದು ಅವನು ಅದನ್ನೆಲ್ಲ ಕತ್ತರಿಸಿ, ಹೆಸರು ಮತ್ತು ಪಂಪ್‌ಹೌಸು ಇವೆರಡನ್ನೇ ಉಳಿಸಿದ್ದ. ಚೊಕ್ಕ, ಕಣ್ಣಿಗೆ ತಂಪು. ಅವನ ಹಳ್ಳಿಯ ಮೇಷ್ಟ್ರು ಹೀಗೇ ಹಾಜರಿ ಕೂಗುತ್ತಿದ್ದರು, ತಲೆ ಎತ್ತದೆ. ಹೆಸರು ಕೂಗಿದಾಗ ಯಾವ ಮೂಲೆಯಿಂದಾದರೂ ಒಂದು ಕಂಠ "ಸಾರ್" ಎಂದರೆ ಆಯಿತು, ಹುಡುಗ ಬಂದಂತೆಯೇ. ಆ ಹುಡುಗ ಆಗ ಕೆರೆಯಲ್ಲಿ ಈಜುತ್ತಿದ್ದರೂ ಸರಿಯೇ.

ಶುಕ್ರವಾರ ನಡೆದದ್ದು ಇಷ್ಟು. ದರ್ಜಿಗಳ ಬೀದಿಯಲ್ಲಿ ಪೈಪು ಸೋರುತ್ತಿತ್ತು. ರಿಪೇರಿಗೆಂದು ಅಂದು ಆ ಬೀದಿಯ ವಾಲ್ವು ಇಡೀ ದಿನ ಮುಚ್ಚಿರಬೇಕೆಂದು ತೀರ್ಮಾನವಾಗಿತ್ತು. ಹೊಸ ವೇಳಾಪಟ್ಟಿ ಹಾಕುವ ಕೆಲಸ ನಾದಿನಿಯದು. ಗುರುವಾರ ಸಂಜೆಯೇ ಹಾಕಿದ್ದೇನೆಂದು ಹೇಳಿ ಶುಕ್ರವಾರ ಅವಳು ರಜೆ ಹಾಕಿದ್ದಳು, ಮಗುವಿಗೆ ಹಲ್ಲುನೋವು. ಬೆಳಿಗ್ಗೆ ಫಿಟ್ಟರು ಗುಂಡಿಗಿಳಿದು, ಪೈಪನ್ನು ಬಿಚ್ಚಿ, ಬಾಯಲ್ಲಿ ಎರಡು ಬೋಲ್ಟು ಕಚ್ಚಿಕೊಂಡು ನಿಂತಿದ್ದ. ಆಗ ಪಂಪ್‌ಹೌಸಿನ ವಾಲ್ವು, ಯಾರೂ ಏನೂ ಹೇಳಿಲ್ಲವೆಂಬಂತೆ, ತನ್ನ ಪಾಡಿಗೆ ತೆರೆದುಕೊಂಡಿತು. ನೀರು ಫಿಟ್ಟರನ್ನು ಗುಂಡಿಯಿಂದ ಮೇಲೆತ್ತಿ ಬೀದಿಯಲ್ಲಿ ಕೂರಿಸಿ, ಎದುರಿನ ದರ್ಜಿಯ ನೆಲಮಾಳಿಗೆಗೆ ನುಗ್ಗಿತು. ಹೊಲಿದಿಟ್ಟ ಕೋಟುಗಳೆಲ್ಲ ಅಲ್ಲಿ ತೋಳು ಚಾಚಿಕೊಂಡು ತೇಲಾಡಿದವು.

ಸುದ್ದಿ ಬಂದ ಕೂಡಲೇ ನಮ್ಮ ಗುಡುಗು ಓಡಿಹೋಗಿ ಕೀಲಿಮಣೆಯ ಮುಂದೆ ಕೂತು ಹಾಜರಿ ಕೂಗಿದ. ಪಂಪ್‌ಹೌಸಿನ ಸರ್ವರ್ ನೋಡಿದರೆ ಅಲ್ಲಿ ಹಳೆಯ ವೇಳಾಪಟ್ಟಿಯೇ ಇದೆ, ಒಳಗಿರುವವರ ಸಾಲಿನಲ್ಲಿ ಒಂದೇ ಹೆಸರಿದೆ. ನಾದಿನಿಯದು. ರಜೆ ಹಾಕಿ ಮನೆಯಲ್ಲಿರುವವಳ ಹೆಸರು ಸರ್ವರಿನೊಳಗೆ! ಇನ್ನೇನು ಬೇಕು? ಪಾಸ್‌ವರ್ಡನ್ನು ಯಾರಿಗೋ ಕೊಟ್ಟಿದ್ದಾಳೆ, ಆ ಯಾರೋ ಬಂದು ವೇಳಾಪಟ್ಟಿ ಕೆಡಿಸಿದ್ದಾನೆ. ಒಂದು ಕ್ಷಣ ಮನಸ್ಸು ಹಿಂಜರಿಯಿತು, ಸಂಬಂಧಿಕಳಲ್ಲವೇ ಎಂದು. ಆ ಹಿಂಜರಿಕೆಯ ಮೇಲೆ ಸಿಟ್ಟು ಬಂತು. ಸಿಟ್ಟು ಬಂದದ್ದರಿಂದ ವರದಿಯನ್ನು ಇನ್ನೂ ಖಾರವಾಗಿ ಬರೆದು ಮೇಲಧಿಕಾರಿಗೆ ಕಳಿಸಿಯೇಬಿಟ್ಟ.

ನಾದಿನಿ ಸಂಜೆ ಫೋನು ಮಾಡಿದ್ದಳು. "ಭಾವ, ನಾನು ಯಾರಿಗೂ ಪಾಸ್‌ವರ್ಡ್ ಕೊಟ್ಟಿಲ್ಲ. ಗುರುವಾರ ನಿಮ್ಮ ಹತ್ರಾನೇ ಮಾತಾಡಿದ್ದೆನಲ್ಲ, ಆಗ..."

"ಏನಿದ್ದರೂ ಸಭೇಲಿ ಹೇಳು," ಎಂದು ಲೈನು ಕತ್ತರಿಸಿದ್ದ. ಸಮಯದ ಉಳಿತಾಯ.

ಅವಳ ಕೆಲಸ ಇನ್ನೂ ತಾತ್ಕಾಲಿಕ. ಈ ತಿಂಗಳು ಕಾಯಂ ಆಗಬೇಕಿತ್ತು. ಹೆಸರಿಗೆ ಒಂದು ಕಪ್ಪುಚುಕ್ಕೆ ಬಿದ್ದರೆ ಕಾಯಂ ಇರಲಿ, ಕುರ್ಚಿಯೇ ಇಲ್ಲ. ಇದು ಅವನಿಗೂ ಗೊತ್ತಿತ್ತು, ಅವನ ಹೆಂಡತಿಯ ಪಾತ್ರೆಗಳಿಗೂ ಗೊತ್ತಿತ್ತು.

ಸಭೆ ನಡೆಯುವ ಕೋಣೆಗೆ ಕಿಟಕಿ ಒಂದೇ, ಅದೂ ಪಕ್ಕದ ಕಟ್ಟಡದ ಗೋಡೆಗೆ ಮುಖ ಮಾಡಿದ್ದು. ಉದ್ದ ಮೇಜಿನ ತುದಿಯಲ್ಲಿ ಮೇಲಧಿಕಾರಿ ಮೇಡಂ ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಮಾಡುತ್ತಿದ್ದರು. ಅವರು ಮಾತು ಕಡಿಮೆ, ಮುಚ್ಚಳದ ಸದ್ದೇ ಹೆಚ್ಚು. ಒಂದು ಬದಿಗೆ ದರ್ಜಿ, ಮಡಿಲಲ್ಲಿ ಒಂದು ಕೋಟು. ಬೆಳ್ಳಗಿದ್ದ ಕೋಟು ನೆಂಟಸ್ತಿಕೆ ಬೆಳೆಸಿ ಪಕ್ಕದ ನೀಲಿ ಕೋಟಿನ ಬಣ್ಣವನ್ನೆಲ್ಲ ಹಚ್ಚಿಕೊಂಡಿತ್ತು. ಅವನ ಪಕ್ಕ ಫಿಟ್ಟರು, ಶೀತವಾಗಿ ಮೂಗು ಕೆಂಪಗೆ. ಎದುರಿಗೆ ನಾದಿನಿ. ಅವಳು ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟುಕೊಂಡು, ಅವುಗಳನ್ನೇ ಕಾವಲು ಕಾಯುತ್ತಿರುವವಳಂತೆ ನೋಡುತ್ತಿದ್ದಳು.

"ಶುರು ಮಾಡಿ," ಎಂದರು ಮೇಡಂ.

ಗುಡುಗು ಎದ್ದು ನಿಂತ. ತನ್ನ ಕಂಪ್ಯೂಟರಿನ ಪರದೆಯನ್ನು ಗೋಡೆಯ ದೊಡ್ಡ ಪರದೆಗೆ ಜೋಡಿಸಿದ. ಹೀಗೆ ಮಾಡಬೇಕೆಂದು ಯಾರೂ ಕೇಳಿರಲಿಲ್ಲ. ಎಲ್ಲರ ಕಣ್ಣೆದುರಿಗೇ ಆಗಲಿ ಎಂದು ಅವನೇ ಹಟ ಹಿಡಿದಿದ್ದ. ಆಮೇಲೆ ಎಷ್ಟೋ ಸಲ ಆ ಹಟವನ್ನು ನೆನೆದು ತನ್ನ ಹಣೆ ತಾನೇ ಚಚ್ಚಿಕೊಂಡ. ಹಳ್ಳಕ್ಕೆ ಬೀಳುವುದಿದ್ದರೆ ಒಬ್ಬನೇ ಬೀಳಬಹುದಿತ್ತು, ದೀಪ ಹಾಕಿ ಜನ ಕೂರಿಸಿ ಬೀಳುವ ಅಗತ್ಯವಿರಲಿಲ್ಲ.

"ಇದು ಹಾಜರಿ. ನಾನೇ ಬರೆದದ್ದು. ಯಾವ ಸರ್ವರ್ ಒಳಗೆ ಯಾರಿದ್ದಾರೆ ಅಂತ ತೋರಿಸತ್ತೆ. ಇದಕ್ಕೆ ದಾಕ್ಷಿಣ್ಯ ಇಲ್ಲ, ನನ್ನ ಹಾಗೆ," ಎಂದು ಕೀಲಿ ಒತ್ತಿದ.

ಪರದೆಯ ಮೇಲೆ ಹೆಸರುಗಳು ಬಂದವು. ಪಂಪ್‌ಹೌಸಿನ ಎದುರು ನಾದಿನಿಯ ಹೆಸರು.

ಫಿಟ್ಟರು ಒಮ್ಮೆ ಪರದೆಯನ್ನು ನೋಡಿದ, ಒಮ್ಮೆ ನಾದಿನಿಯನ್ನು ನೋಡಿದ. "ಅಣ್ಣ, ಇದು ಶುಕ್ರವಾರದ್ದಾ?"

"ಶುಕ್ರವಾರದ್ದಲ್ಲ, ಈಗಿಂದು! ಈ ಕ್ಷಣದ್ದು!"

"ಭಾವ," ಎಂದಳು ನಾದಿನಿ ಮೆಲ್ಲಗೆ, "ನಾನು ಇಲ್ಲೇ ಕೂತಿದ್ದೀನಲ್ಲ."

ಅಲ್ಲಿಗೇ ನಿಲ್ಲಿಸಿದ್ದರೆ ಅರ್ಧ ಮಾನವಾದರೂ ಉಳಿಯುತ್ತಿತ್ತು. ಆದರೆ ಗುಡುಗಿನ ತಲೆ ಬೇರೆ ಕಡೆ ಓಡಿತು. ಇವಳು ಇಲ್ಲಿದ್ದಾಳೆ, ಇವಳ ಹೆಸರು ಅಲ್ಲಿದೆ. ಅಂದರೆ ಇವಳ ಹೆಸರಿನಲ್ಲಿ ಇನ್ನೊಬ್ಬ ಅಲ್ಲಿದ್ದಾನೆ, ಈಗ, ಇದೇ ಗಳಿಗೆಯಲ್ಲಿ! ಅವನ ಎದೆ ಹಿಗ್ಗಿತು. ಕಳ್ಳನನ್ನು ಸಭೆಯ ನಡುವೆಯೇ ಹಿಡಿದುಕೊಟ್ಟ ಕೀರ್ತಿ!

"ಮೇಡಂ, ಸಿಕ್ಕಿಬಿದ್ದ! ಪಂಪ್‌ಹೌಸಿನಲ್ಲೇ ಕೂತಿರಬೇಕು. ಫಿಟ್ಟರೇ, ಏಳಯ್ಯ, ಓಡು! ಬಾಗಿಲಿಗೆ ಅಡ್ಡ ನಿಂತು ಫೋನು ಮಾಡು!"

"ಅಣ್ಣ, ನನಗೆ ಜ್ವರ ಇದೆ."

"ಕಳ್ಳ ಸಿಕ್ಕಿದರೆ ಜ್ವರ ಬಿಡತ್ತೆ, ಓಡು!"

ಫಿಟ್ಟರು ಮೂಗೊರೆಸಿಕೊಳ್ಳುತ್ತ ಹೋದ. ಪಂಪ್‌ಹೌಸು ಕಚೇರಿಯ ಆವರಣದ ಹಿಂಬದಿಗೇ ಇತ್ತು. ಉಳಿದವರು ಕಾದರು. ದರ್ಜಿ ಕೋಟನ್ನು ಮಗ್ಗುಲು ಬದಲಿಸಿ ಮಲಗಿಸಿಕೊಂಡ. ಮುಚ್ಚಳ ಟಿಕ್ ಟಿಕ್ ಎನ್ನುತ್ತಿತ್ತು. ಫೋನು ಬಂತು. ಎಲ್ಲರಿಗೂ ಕೇಳಲಿ ಎಂದು ಗುಡುಗು ಸ್ಪೀಕರ್ ಹಾಕಿದ. ಇದು ಅಂದಿನ ಅವನ ಎರಡನೆಯ ಹಟ.

"ಅಣ್ಣ, ಇಲ್ಲೊಬ್ಬ ಇದ್ದಾನೆ," ಎಂದಿತು ಫಿಟ್ಟರನ ಶೀತದ ದನಿ.

"ಹಿಡ್ಕೋ!"

"ಹಿಡ್ಕೊಳೋಕೆ ಹೋದೆ. ಪರಚಿದ. ಸರ್ವರ್ ಮೇಲೆ ಬೆಚ್ಚಗೆ ಮಲಗಿದ್ದ, ಎಬ್ಬಿಸಿದ್ದಕ್ಕೆ ಸಿಟ್ಟು. ಬಾಲ ಬೇರೆ ಇದೆ ಅಣ್ಣ, ಬಿಳೀದು." ಹಿನ್ನೆಲೆಯಲ್ಲಿ ಬೆಕ್ಕು ತನ್ನ ಅಹವಾಲು ಹೇಳಿಕೊಂಡಿತು. "ಪಾಸ್‌ವರ್ಡ್ ಕೇಳಲಾ?"

ದರ್ಜಿ ಮೊದಲ ಬಾರಿಗೆ ನಕ್ಕ. ಮೇಡಂ ನಗಲಿಲ್ಲ, ಆದರೆ ಮುಚ್ಚಳ ನಿಂತಿತು. ಗುಡುಗು ಫೋನು ಕತ್ತರಿಸಿದ.

ಈಗ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದಾಗ ಅವನ ಬೆರಳುಗಳು ಬಹಳ ಚುರುಕು. ತನ್ನ ಮುದ್ದಿನ ಹಾಜರಿಯನ್ನು ಬದಿಗಿಟ್ಟು ಪಂಪ್‌ಹೌಸಿನ ಸರ್ವರಿಗೇ ನೇರವಾಗಿ ನುಗ್ಗಿದ. "ಇರಿ, ಎಲ್ಲಿಂದ ಬಂದಿದ್ದಾನೆ ಅಂತ ಬೇರು ಸಮೇತ ತೆಗೀತೀನಿ," ಎನ್ನುತ್ತ, ಕತ್ತರಿ ಹಾಕದ ಮೂಲ 'ಹೂ' ಆಜ್ಞೆಯನ್ನು ಕೊಟ್ಟ. ಹೆಸರು ಬಂತು. ಅದರ ಪಕ್ಕದಲ್ಲಿ, ಗಲೀಜೆಂದು ಅವನೇ ಕತ್ತರಿಸಿದ್ದ ದಿನಾಂಕವೂ ಬಂತು.

ಗುರುವಾರ. ಸಂಜೆ. ನಾದಿನಿಯ ಮೇಜಿನಿಂದಲೇ.

"ಶುಕ್ರವಾರ ಯಾರೂ ಒಳಗೆ ಬಂದಿಲ್ವಾ ಹಾಗಾದರೆ?" ಎಂದು ಮೇಡಂ ಕೇಳಿದರು.

"ಇರಿ ಮೇಡಂ. ಗುರುವಾರ ಬಂದವಳು ಹೊರಗೇ ಹೋಗಿಲ್ಲ. ಬಾಗಿಲು ತೆಗೆದಿಟ್ಟು ಮನೆಗೆ ಹೋಗಿದ್ದಾಳೆ. ಅದೂ ತಪ್ಪೇ," ಎಂದ. ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

"ನಾನು ಬಾಗಿಲು ತೆಗೆದಿಡಲಿಲ್ಲ ಭಾವ. ಪರದೆ ತಾನಾಗೇ ಹೋಯ್ತು. ಪಟ್ಟಿ ಸೇವ್ ಆದ ಮೇಲೇ ಹೋಯ್ತು ಅಂದ್ಕೊಂಡೆ."

"ತಾನಾಗೇ ಯಾವುದೂ ಹೋಗಲ್ಲ!"

ಒಳಗಿರುವವರು ಏನು ಮಾಡುತ್ತಿದ್ದಾರೆ ಎಂದು ಕೇಳುವ 'ಡಬ್ಲ್ಯೂ' ಆಜ್ಞೆ ಕೊಟ್ಟ. ಎಲ್ಲರ ಮುಂದೆ ಒಂದೊಂದು ಕೆಲಸವಿರುತ್ತದೆ. ನಾದಿನಿಯ ಮುಂದೆ ಬರೀ ಒಂದು ಅಡ್ಡಗೆರೆ. ಅವಳ ಹೆಸರಿನಲ್ಲಿ ಓಡುತ್ತಿರುವ ಪ್ರೋಗ್ರಾಮುಗಳನ್ನೆಲ್ಲ ತೋರಿಸು ಎಂದ. ಒಂದೂ ಇಲ್ಲ. ಮನೆಯ ಹೊರಗೆ ಹೆಸರಿನ ಫಲಕವಿದೆ, ಒಳಗೆ ಮನುಷ್ಯರಿಲ್ಲ, ಒಲೆಯೂ ಉರಿದಿಲ್ಲ. ಕೊನೆಗೆ 'ಲಾಸ್ಟ್' ಎಂಬ ಆಜ್ಞೆ ಕೊಟ್ಟ. ಯಾರು ಯಾವಾಗ ಬಂದರು, ಯಾವಾಗ ಹೋದರು ಎಂದು ಹೇಳುವ ಆಜ್ಞೆ ಅದು. ಎಲ್ಲರ ಹೆಸರಿನ ಮುಂದೆ ಬಂದ ವೇಳೆ, ಹೋದ ವೇಳೆ. ನಾದಿನಿಯ ಹೆಸರಿನ ಮುಂದೆ ಬಂದ ವೇಳೆ ಮಾತ್ರ ಇತ್ತು. ಅದರಾಚೆ ಇಂಗ್ಲಿಷಿನಲ್ಲಿ ಒಂದು ಚೂರು ಮಾತು.

"ಅದೇನು ಬರೆದಿದೆ?" ದರ್ಜಿ ಕಣ್ಣು ಕಿರಿದು ಮಾಡಿ ಕೇಳಿದ.

"ಹೋಗಿದ್ದಾರೆ, ಹೋಗ್ತೀನಿ ಅಂತ ಹೇಳಿಲ್ಲ, ಅಂತ," ಎಂದ ಗುಡುಗು.

ಹೇಳಿದ ಮೇಲೆ ಅವನಿಗೆ ಸರಕ್ಕನೆ ಎಲ್ಲ ಹೊಳೆಯಿತು. ಇಂಥದ್ದೊಂದು ಆಗುವುದು ಒಂದೇ ಕಾರಣಕ್ಕೆ ಎಂಬುದು ಅವನಿಗೆ ಗೊತ್ತಿತ್ತು, ವರ್ಷಗಟ್ಟಲೆಯಿಂದ ಗೊತ್ತಿತ್ತು. ಒಳಗಿರುವವರನ್ನು ಹೊರಗೆ ಕಳಿಸಲು ಎರಡು ದಾರಿಗಳಿವೆ. ಬರೀ 'ಕಿಲ್' ಎಂದರೆ, ಹೊತ್ತಾಯಿತು, ಸಾಮಾನು ಕಟ್ಟಿಕೊಂಡು ಹೊರಡಪ್ಪ ಎಂದ ಹಾಗೆ. ಪ್ರೋಗ್ರಾಮು ಕೈಲಿದ್ದ ಕೆಲಸ ಮುಗಿಸಿ, ಹಾಜರಿಯಿಂದ ಹೆಸರು ಅಳಿಸಿ, ನಮಸ್ಕಾರ ಹಾಕಿ ಹೋಗುತ್ತದೆ. 'ಕಿಲ್ ಮೈನಸ್ ನೈನ್' ಎಂದರೆ ಕುತ್ತಿಗೆ ಹಿಡಿದು ಕಿಟಕಿಯಿಂದ ಎಸೆದ ಹಾಗೆ. ಕೈಲಿದ್ದದ್ದು ಕೈಲೇ, ಹೆಸರು ಇದ್ದಲ್ಲೇ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಅದನ್ನು ಬಳಸಬೇಕೆಂದು ಎಲ್ಲ ಕಡೆ ಬರೆದಿರುತ್ತಾರೆ. ನಮ್ಮ ಗುಡುಗಿಗೆ ಮೊದಲ ದಾರಿಯಲ್ಲಿ ನಂಬಿಕೆಯೇ ಇರಲಿಲ್ಲ. ಮರ್ಯಾದೆಯಿಂದ ಹೇಳಿದರೆ ಯಾರು ಕೇಳುತ್ತಾರೆ?

ಗುರುವಾರ ಸಂಜೆ ಸರ್ವರಿನ ನಕಲು, ಅಂದರೆ ಬ್ಯಾಕಪ್, ತೆಗೆಯುವ ಕೆಲಸವಿತ್ತು. ಎಲ್ಲರೂ ಹೊರಗೆ ಬನ್ನಿ ಎಂದು ಅವನು ಫೋನಿನಲ್ಲಿ ಅಬ್ಬರಿಸಿದ್ದ. ಎಲ್ಲರೂ ಬಂದಿದ್ದರು, ಒಬ್ಬಳನ್ನು ಬಿಟ್ಟು. ಅವಳು ಹೇಳಿದ್ದು ಈಗ ಕಿವಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು. "ತಾಳಿ ಭಾವ, ಹೊಸ ವೇಳಾಪಟ್ಟಿ ಸೇವ್ ಆಗ್ತಾ ಇದೆ. ಒಂಚೂರು ತಾಳಿ." ಅವಳು ಎರಡನೆಯ 'ತಾಳಿ' ಎನ್ನುವಾಗ ಅವನು ಫೋನನ್ನೂ ಕತ್ತರಿಸಿದ್ದ, ಅವಳನ್ನೂ ಕತ್ತರಿಸಿದ್ದ. ಹೊಸ ವೇಳಾಪಟ್ಟಿ ಅರ್ಧದಲ್ಲೇ ಸತ್ತಿತು, ಹಳೆಯದು ಉಳಿಯಿತು. ಬೆಳಿಗ್ಗೆ ವಾಲ್ವು ಹಳೆಯ ಪಟ್ಟಿಯಂತೆ, ನಿಯತ್ತಾಗಿ, ತೆರೆದುಕೊಂಡಿತು. ಕಳ್ಳನೂ ಇಲ್ಲ, ಕಳುವೂ ಇಲ್ಲ.

ಇನ್ನೂ ಒಂದು ಸಣ್ಣ ಆಸೆ ಉಳಿದಿತ್ತು, ತಾನಲ್ಲದೆ ಬೇರೆ ಯಾರಾದರೂ ಹೊಡೆದಿರಬಹುದೆ ಎಂದು. ಸರ್ವರ್ ಮೇಲೆ ತಾನು ಕೊಟ್ಟ ಹಳೆಯ ಆಜ್ಞೆಗಳ ಸಾಲನ್ನು ತೆರೆದ. ಬೇರೆಯವರ ಕಿತಾಪತಿ ಹಿಡಿಯಲೆಂದು ಪ್ರತಿ ಆಜ್ಞೆಯ ಜೊತೆ ವೇಳೆಯೂ ದಾಖಲಾಗುವಂತೆ ಅವನೇ ಏರ್ಪಾಡು ಮಾಡಿದ್ದ. ಗುರುವಾರ ಸಂಜೆಯ ಜಾಗದಲ್ಲಿ ಮೈನಸ್ ನೈನ್ ಹಲ್ಲು ಕಿರಿದು ಕೂತಿತ್ತು. ಅದರ ಹಿಂದೆಯೂ ಮೈನಸ್ ನೈನ್, ಮುಂದೆಯೂ ಮೈನಸ್ ನೈನ್. ಪರದೆ ತುಂಬ ಅವನ ಸಿಟ್ಟೇ ಸಾಲು ಹಚ್ಚಿ ನಿಂತಿತ್ತು. ಗೋಡೆಯ ಮೇಲೆ, ಆಳೆತ್ತರದ ಅಕ್ಷರದಲ್ಲಿ. ಭಲೇ ಗುಡುಗು, ಎಂದುಕೊಂಡ. ಊರಿಗೆಲ್ಲ ಬಲೆ ಹಾಕಿ ಕೊನೆಗೆ ಬಿದ್ದ ಮೀನು ನೀನೇ.

ಆದರೆ ಕೋಣೆಯಲ್ಲಿ ಯಾರಿಗೂ ಅದು ಅರ್ಥವಾಗಿರಲಿಲ್ಲ. ದರ್ಜಿ ಅಕ್ಷರಗಳನ್ನು ಕಸೂತಿಯ ಹಾಗೆ ನೋಡುತ್ತಿದ್ದ. ಒಳಗೆ ಬಂದು ಕೂತಿದ್ದ ಫಿಟ್ಟರು ಕೈಮೇಲಿನ ಪರಚು ಗಾಯಕ್ಕೆ ಬಾಯಿಂದ ಗಾಳಿ ಊದುತ್ತಿದ್ದ.

"ಏನು ಗೊತ್ತಾಯ್ತು?" ಮೇಡಂ ಕೇಳಿದರು. "ಮಷೀನಿನ ತಪ್ಪಾ?"

ಎಷ್ಟು ಮೆತ್ತನೆಯ ಹಾಸಿಗೆ! ಹೌದು ಎಂದು ಮಲಗಿಬಿಟ್ಟರೆ ಸಾಕು. ಮಷೀನು ಇಲ್ಲ ಎನ್ನುವುದಿಲ್ಲ, ಮಷೀನಿಗೆ ಹೆಂಡತಿಯೂ ಇಲ್ಲ. ಅವನು ಬಾಯಿ ತೆರೆದ. "ಹೌದು ಮೇಡಂ, ಒಂಥರಾ ಮಷೀನಿಂದೇ..."

"ಸರಿ. ಹಾಗಾದರೆ ಪಾಸ್‌ವರ್ಡ್ ಕೊಟ್ಟಿದ್ದಾಳೆ ಅನ್ನೋದು ಬಿಡೋಣ," ಎಂದು ಮೇಡಂ ಪೆನ್ನು ತೆರೆದರು. "ಆದರೂ ವೇಳಾಪಟ್ಟಿ ಸೇವ್ ಆಗದೇ ಇದ್ದಿದ್ದು ಇವಳ ಜವಾಬ್ದಾರಿ. ಆಗಿದೆಯಾ ಅಂತ ನೋಡದೆ ರಜೆ ಹೋದಳು. ಕಾಯಂ ಮಾಡೋ ಕಡತ ವಾಪಸ್ ಕಳಿಸ್ತೀನಿ."

ನಾದಿನಿ ತಲೆ ಎತ್ತಲಿಲ್ಲ. ಮೇಜಿನ ಮೇಲಿದ್ದ ಕೈಗಳನ್ನು ಮೆಲ್ಲಗೆ ಕೆಳಗೆ ಎಳೆದುಕೊಂಡಳು, ಅಷ್ಟೆ. ಅವಳು ಅವನ ಕಡೆ ನೋಡಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ನೋಡಲಿಲ್ಲ. ಇವನಿಂದ ಏನೂ ಬರುವುದಿಲ್ಲವೆಂದು ತೀರ್ಮಾನ ಮಾಡಿದವಳ ಹಾಗೆ ಇದ್ದಳು.

ಅವನು ಮೇಜು ಗುದ್ದಿದ ಸದ್ದಿಗೆ ದರ್ಜಿಯ ಕೋಟು ಕೆಳಗೆ ಬಿತ್ತು.

"ಏನು ಬರೀತಿದ್ದೀರಿ ಮೇಡಂ? ಹೊಡೀರಿ ಕಾಟು! ಇವಳು ಸೇವ್ ಮಾಡ್ತಾ ಇದ್ದಳು. ತಾಳಿ ಅಂದಳು, ಒಂದಲ್ಲ ಎರಡು ಸಲ. ಒಬ್ಬ ಪೆದ್ದ, ಸಿಡುಕ, ಮಾತು ಮುಗಿಯೋ ತನಕ ಕೇಳಿಸ್ಕೊಳೋ ಯೋಗ್ಯತೆ ಇಲ್ಲದೋನು, ಕುತ್ತಿಗೆ ಹಿಡಿದು ಆಚೆಗೆ ಹಾಕಿದ. ಸೇವ್ ಆಗೋದು ಅರ್ಧಕ್ಕೇ ನಿಂತೋಯ್ತು. ಹೆಸರು ಒಳಗೇ ಉಳೀತು. ಆಮೇಲೆ ಅದೇ ಪೆದ್ದ ಬಂದು ಹೆಸರು ಯಾಕೆ ಉಳಿದಿದೆ ಅಂತ ಇವಳ ಮೇಲೇ ಕೂಗಾಡಿದ. ಅವನಿಗೆ ಬುದ್ಧಿ ಇಲ್ಲ, ಇದ್ದಿದ್ದರೆ ಮೊದಲೇ ದಿನಾಂಕ ನೋಡ್ತಿದ್ದ. ದಿನಾಂಕ ಚೆನ್ನಾಗಿ ಕಾಣಲ್ಲ ಅಂತ ಕತ್ತರಿಸಿ ಬಿಸಾಡಿದ ಮಹಾನುಭಾವ ಅವನು!"

"ಯಾರವನು?" ಎಂದ ದರ್ಜಿ, ನಿಜವಾಗಿಯೂ ಸಿಟ್ಟಿನಿಂದ. "ಅವನನ್ನ ಕರೆಸಿ ಇಲ್ಲಿಗೆ."

"ಕರೆಸೋದೇನು, ಬಂದಿದ್ದಾನೆ," ಎಂದ ಗುಡುಗು. "ನಿಮ್ಮ ಮುಂದೇ ನಿಂತು ಅರಚ್ತಾ ಇದ್ದಾನೆ."

ದರ್ಜಿ ಬಿದ್ದ ಕೋಟನ್ನು ಎತ್ತಿಕೊಂಡ. ಆಮೇಲೆ ಫಿಟ್ಟರು ಒಂದು ಸೀನು ಸೀನಿದ. "ಅಣ್ಣ, ಅಂದರೆ ನನ್ನನ್ನ ಗುಂಡಿಯಿಂದ ಎತ್ತಿ ಎಸೆದಿದ್ದೂ ನೀವೇ."

"ಹೂಂ ಕಣಯ್ಯ."

"ಬೆಕ್ಕಿನ ಕೈಲಿ ಪರಚಿಸಿದ್ದೂ ನೀವೇ."

"ಆಯ್ತಲ್ಲಯ್ಯ, ಹೂಂ ಅಂದೆ!"

"ಅಲ್ಲ, ಎರಡೂ ಬೇರೆಬೇರೆ ಬರೆಸೋಣ ಅಂತ."

ಮೇಡಂ ಬರೆದದ್ದನ್ನು ಕಾಟು ಹೊಡೆದರು. ನಾದಿನಿಯ ಕಡತ ಹಾಗೆಯೇ ಮುಂದಕ್ಕೆ ಹೋಗುತ್ತದೆ ಎಂದರು. ಕೋಟುಗಳ ವಿಚಾರ ಕಚೇರಿ ನೋಡಿಕೊಳ್ಳುತ್ತದೆ, ಆದರೆ ದರ್ಜಿಯ ಅಂಗಡಿಗೆ ಹೋಗಿ ತಪ್ಪಾಯಿತೆಂದು ಹೇಳುವುದು ಗುಡುಗಿನ ಕೆಲಸ ಎಂದರು. "ತಗ್ಗಿದ ದನಿಯಲ್ಲಿ ಹೇಳಬೇಕು," ಎಂದು ಒತ್ತಿ ಹೇಳಿದರು. ಇನ್ನೊಂದು ನಿಯಮವನ್ನೂ ಹಾಕಿದರು. ಇನ್ನು ಮೇಲೆ ವೇಳಾಪಟ್ಟಿ ತಿದ್ದುತ್ತಿರುವವರನ್ನು ಸರ್ವರಿನಿಂದ ಹೊರಗೆ ಹಾಕುವ ಮೊದಲು ಅವನು ಫೋನು ಮಾಡಿ ಕೇಳಬೇಕು, ಅವರು ಆಯಿತು ಎನ್ನುವ ತನಕ ಲೈನು ಕತ್ತರಿಸಬಾರದು. ಅವನು ಇಂಗು ತಿಂದ ಮಂಗನಂತೆ ತಲೆಯಾಡಿಸಿದ.

ಹೊರಗೆ ಕಾರಿಡಾರಿನಲ್ಲಿ ನಾದಿನಿ ನೀರಿನ ನಲ್ಲಿಯ ಹತ್ತಿರ ನಿಂತಿದ್ದಳು. ಅವನು ಹತ್ತಿರ ಹೋಗಿ ಗಂಟಲು ಸರಿಮಾಡಿಕೊಂಡ. "ಮಗುವಿನ ಹಲ್ಲು ಹೇಗಿದೆ?" ಎಂದ.

"ಕಿತ್ತರು," ಎಂದಳು ಅವಳು. "ಡಾಕ್ಟರು ಮೊದಲು ಮರಗಟ್ಟಿಸಿ, ನೋಯತ್ತಾ ಅಂತ ಕೇಳಿ, ಆಮೇಲೆ ಕಿತ್ತರು ಭಾವ."

ಅವನಿಗೆ ನಾಟಿತು. ನಾಟಲಿ ಎಂದೇ ಹೇಳಿದ್ದಳು.

ಸಂಜೆ ಅವನು ಮನೆಗೆ ಹೋಗುವಷ್ಟರಲ್ಲಿ ಅಕ್ಕತಂಗಿಯರ ಮಾತು ಫೋನಿನಲ್ಲಿ ಮುಗಿದಿತ್ತು. ಚಹಾದ ಲೋಟ ಸದ್ದಿಲ್ಲದೆ ಮೇಜಿನ ಮೇಲೆ ಬಂತು. ಅದು ಅವನಿಗೆ ಕುಕ್ಕಿದ್ದಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

"ಏನಂದಳು ನಿನ್ನ ತಂಗಿ?"

"ನೀವು ನಿಮ್ಮನ್ನೇ ಪೆದ್ದ ಅಂತ ಬೈಕೊಂಡರಂತೆ, ಎಲ್ಲರೆದುರಿಗೆ." ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರೂ ಕಣ್ಣು ನಗುತ್ತಿತ್ತು. "ಇಷ್ಟು ವರ್ಷ ನಾನು ಮನೇಲಿ ಹೇಳ್ತಾ ಇದ್ದದ್ದು. ಕೊನೆಗೂ ಕಚೇರಿವರೆಗೂ ಮುಟ್ಟಿತಲ್ಲ, ಅಷ್ಟೇ ಸಂತೋಷ."

ಮುಂದಿನ ಗುರುವಾರ ಮತ್ತೆ ನಕಲು ತೆಗೆಯುವ ದಿನ. ಎಲ್ಲರೂ ಹೊರಗೆ ಬಂದಿದ್ದರು. ಹಾಜರಿಯಲ್ಲಿ (ಅದರಲ್ಲೀಗ ದಿನಾಂಕ, ವೇಳೆ, ಮೇಜು ಎಲ್ಲವೂ ಗಲೀಜಾಗಿ ಉದ್ದಕ್ಕೆ ಬರುತ್ತಿದ್ದವು) ಒಂದೇ ಹೆಸರು ಉಳಿದಿತ್ತು. ಅವನು ಫೋನು ಎತ್ತಿಕೊಂಡ.

"ಏನಮ್ಮ, ನಕಲು ತೆಗೀಬೇಕು. ಹೊರಗೆ ಬರ್ತೀಯಾ?"

"ಸೇವ್ ಆಗ್ತಾ ಇದೆ ಭಾವ. ತಾಳಿ."

"ತಾಳ್ತೀನಿ."

ಅವನ ಬಲಗೈ ಕೀಲಿಮಣೆಯ ಕಡೆ ತಾನಾಗಿ ಹೊರಟಿತು. ಅವನು ಅದನ್ನು ಎಡಗೈಯಿಂದ ಹಿಡಿದು ತೊಡೆಯ ಕೆಳಗೆ ತುರುಕಿ, ಅದರ ಮೇಲೆ ಕೂತ. ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡ. ಆ ಕಡೆಯಿಂದ ಚಮಚ ಕಪ್ಪಿಗೆ ತಾಗುವ ಸದ್ದು ಕೇಳಿಸಿತು. ಸಕ್ಕರೆ ಕಲಸುತ್ತಿದ್ದಾಳೆ. ಆರಾಮಾಗಿ, ಒಂದು ಸುತ್ತು, ಇನ್ನೊಂದು ಸುತ್ತು. ಆಮೇಲೆ ಒಂದು ಗುಟುಕು.

"ಆಯ್ತೇನಮ್ಮ?"

"ಇಲ್ಲ ಭಾವ."

ಬಿಸ್ಕತ್ತು ಮುರಿದ ಸದ್ದು. ಅವನ ಕುತ್ತಿಗೆಯ ನರ ಉಬ್ಬಿತು. ನಾಲಗೆಯ ತನಕ ಬಂದ ಮಾತನ್ನು ಕಷ್ಟಪಟ್ಟು ಕೆಳಗೆ ನೂಕಿ, ತಾನು ಹುಟ್ಟಿದಾಗಿನಿಂದ ಬಳಸದ ಒಂದು ದನಿಯನ್ನು ಗಂಟಲಲ್ಲಿ ಹುಡುಕಿ ತೆಗೆದ.

"ಪರವಾಗಿಲ್ಲ. ನಿಧಾನಕ್ಕೆ ಆಗಲಿ," ಎಂದ.

ಆ ಕಡೆ ಬಿಸ್ಕತ್ತು ಗಂಟಲಿಗೆ ಸಿಕ್ಕಿಕೊಂಡು ನಾದಿನಿ ಕೆಮ್ಮತೊಡಗಿದಳು.